ಓಟ ಇನ್ನೂ ಬಾಕಿ ಇತ್ತು

ಬಾದಾಮಿಯಲ್ಲಿ ಮಂಗ ನನ್ನನ್ನು ಸೈಕಲ್ಲಿನಿಂದ ಕೆಡವಿದಾಗ ನನಗೆ ಅರವತ್ತೊಂದು ವರ್ಷ. ಬಾಗಲಕೋಟೆಯಿಂದ ನಸುಕಿನಲ್ಲೇ ಹೊರಟಿದ್ದೆ. ಏರುದಾರಿಯನ್ನೆಲ್ಲ ಒಮ್ಮೆಯೂ ಕಾಲೂರದೆ ತುಳಿದು ಬಂದು, ಕೆಂಪು ಬಂಡೆಗಳು ಕಾಣಿಸಿದ ಕೂಡಲೇ ಗೆದ್ದೆನೆಂದು ಹಿಗ್ಗಿದ್ದೆ. ಅಂಗಿಯ ಬೆನ್ನ ಕಿಸೆಯಲ್ಲಿ ಬಾಳೆಹಣ್ಣು ಇಟ್ಟುಕೊಂಡದ್ದೇ ತಪ್ಪಾಯಿತು. ಗುಹೆಗಳ ಕಡೆ ತಿರುಗುವಲ್ಲಿ ಗೋಡೆಯ ಮೇಲಿಂದ ಒಂದು ದಢೂತಿ ಮಂಗ ಸೀದಾ ನನ್ನ ಬೆನ್ನಿಗೇ ಹಾರಿತು. ಅದಕ್ಕೆ ಹಣ್ಣು ಸಿಕ್ಕಿತು, ನನಗೆ ಡಾಂಬರು. ಬಲ ಮುಂಗೈ ಮುರಿಯಿತು.

ದವಾಖಾನೆಯಲ್ಲಿ ಪಟ್ಟಿ ಹಾಕುತ್ತಿದ್ದ ಡಾಕ್ಟರು ನನ್ನ ಮಗನ ವಯಸ್ಸಿನವರು.

"ಈ ವಯಸ್ಸಿನ್ಯಾಗ ಎಲುಬು ಕೂಡೂದು ತಡಾ ಆಗತೈತ್ರಿ ಅಮ್ಮಾ. ಸೈಕಲ್ ಇನ್ನ ಸಾಕು."

"ತಡಾ ಆಗ್ಲಿ. ಕೂಡತೈತೋ ಇಲ್ಲೋ?"

"ಕೂಡತೈತ್ರಿ."

"ಹಂಗಾದ್ರ ಕೂಡಸೂದು ನೀವು ನೋಡ್ರಿ. ಸಾಕು ಅನ್ನೂದು ನಾ ನೋಡ್ಕೋತೇನಿ."

ಅವರು ನಕ್ಕರು. ಫೋನು ಬಂದ ಕೂಡಲೇ ಧಾವಿಸಿ ಬಂದು ಪಕ್ಕದಲ್ಲಿ ನಿಂತಿದ್ದ ನಮ್ಮ ಯಜಮಾನರು ನಗಲಿಲ್ಲ.

ನಾನು ಮೊದಲಿನಿಂದಲೂ ಆಟಗಾರ್ತಿಯೇನಲ್ಲ. ಹುನಗುಂದದ ಒಂದು ಕಚೇರಿಗೆ ಟೈಪಿಸ್ಟಾಗಿ ಸೇರಿ, ಅಲ್ಲಿಯೇ ತಲೆ ಹಣ್ಣಾಗಿ ನಿವೃತ್ತಳಾದವಳು. ದಿನಾ ಬಾಗಲಕೋಟೆಯಿಂದ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲೇ ಬರುತ್ತಿದ್ದೆ. ಬೀಳ್ಕೊಡುವ ದಿನ ನನಗೆ ಶಾಲು ಹೊದಿಸಿ, ಹಾರ ಹಾಕಿ, ಒಂದು ಬೆತ್ತದ ಆರಾಮ ಕುರ್ಚಿ ಕೊಟ್ಟರು. "ಭಾಳ ದುಡದ್ರಿ ಮೇಡಂ, ಇನ್ನ ಆರಾಮ ಕುಂದರ್ರಿ" ಎಂದರು. ಪ್ರೀತಿಯಿಂದಲೇ ಹೇಳಿದರು. ನಾನೂ ಒಂದು ಮಳೆಗಾಲ ಪೂರ್ತಿ ಕೂತು ನೋಡಿದೆ. ಕೂತಷ್ಟೂ ಮೊಣಕಾಲು ನೋವು ಹೆಚ್ಚಾಯಿತು. ಮನೆಗೆ ಬಂದವರೆಲ್ಲ ನನ್ನ ಬಿ.ಪಿ. ಬಗ್ಗೆ ಮಾತ್ರ ಕೇಳತೊಡಗಿದರು. ಕಾರ ಕಡಿಮೆ ಮಾಡಿ, ಮೆಟ್ಟಿಲು ಹತ್ತಬೇಡಿ, ಗಾಢ ಬಣ್ಣದ ಸೀರೆ ಇನ್ನು ಯಾಕೆ ಎಂಬ ಮಾತುಗಳು ಒಂದೊಂದಾಗಿ ಬಂದವು. ಒಂದು ದಿನ ಎದ್ದು ನವನಗರದ ಈಜುಕೊಳಕ್ಕೆ ಹೋದೆ.

ಈಸು ನನಗೆ ಹೊಸದಲ್ಲ. ಹಳೇ ಬಾಗಲಕೋಟೆಯಲ್ಲಿ ನಮ್ಮ ಮನೆ ಘಟಪ್ರಭೆಗೆ ಹತ್ತಿರವಿತ್ತು. ಸೋದರಮಾವ ನನ್ನ ನಡುವಿಗೆ ಒಣ ಸೋರೆಬುರುಡೆ ಕಟ್ಟಿ ಹೊಳೆಗೆ ನೂಕಿದ್ದ. ಒಂದು ಬೇಸಿಗೆ ಮುಗಿಯುವಷ್ಟರಲ್ಲಿ ಬುರುಡೆ ಬೇಕಾಗಲಿಲ್ಲ. ಆದರೆ ನಾನು ದೊಡ್ಡವಳಾದ ವಾರವೇ ಅಜ್ಜಿ, "ಹೊಳೀಗೆ ಹೋಗೂದು ಇನ್ನ ಸಾಕು" ಎಂದಳು. ಅಲ್ಲಿಗೆ ಮುಗಿಯಿತು. ಮುಂದೆ ಮದುವೆಯಾಗಿ, ನೌಕರಿ ಹಿಡಿದು, ಮಕ್ಕಳನ್ನು ಬೆಳೆಸುವುದರೊಳಗೆ ಆಲಮಟ್ಟಿಯ ಹಿನ್ನೀರು ನಮ್ಮ ಓಣಿಗೇ ಬಂದು, ತವರಿನವರೂ ನಾವೂ ನವನಗರದ ನೇರ ರಸ್ತೆಗಳಿಗೆ ಬಂದು ಬಿದ್ದೆವು. ಹೊಳೆಯಿಂದ ನನ್ನನ್ನು ದೂರ ಇಟ್ಟಿದ್ದ ಮನೆಯೇ ಹೊಳೆಯ ಪಾಲಾಗಿತ್ತು.

ಹೆಂಗಸರ ತಾಸಿನಲ್ಲಿ ಈಜುಕೊಳಕ್ಕೆ ಬರುವವರಲ್ಲಿ ಹೆಚ್ಚಿನವರು ಎದೆಮಟ್ಟದ ನೀರಿನಲ್ಲಿ ನಿಂತು ಸೊಸೆಯರ ಸುದ್ದಿ ಮಾತಾಡುತ್ತಿದ್ದರು. ನಾನು ಅವರನ್ನು ಸುತ್ತಿಕೊಂಡು ಈಸುತ್ತಿದ್ದೆ. ಒಂದು ದಿನ ಅಲ್ಲಿಯ ಗೋಡೆಯ ಮೇಲೆ ಒಂದು ಜಾಹೀರಾತು ನೋಡಿದೆ. ಮುಂದಿನ ಚಳಿಗಾಲದಲ್ಲಿ ಟ್ರಯಥ್ಲಾನ್ ಎಂಬ ಸ್ಪರ್ಧೆ ನಡೆಯುವುದಿತ್ತು. ಮೊದಲು ಹಿನ್ನೀರಿನಲ್ಲಿ ಹತ್ತಿರ ಹತ್ತಿರ ಎರಡು ಕಿಲೋಮೀಟರ್ ಈಸಬೇಕು. ದಡ ಹತ್ತಿದ ಕೂಡಲೇ ಸೈಕಲ್ ಹಿಡಿದು ಕಮತಗಿ, ಅಮೀನಗಡ, ಹುನಗುಂದ ದಾಟಿ ಇಲಕಲ್ಲು ಮುಟ್ಟಿ, ಅದೇ ದಾರಿಯಲ್ಲಿ ಬಾಗಲಕೋಟೆಗೆ ವಾಪಸು. ಆಮೇಲೆ ನವನಗರದ ರಸ್ತೆಗಳನ್ನೇ ಸುತ್ತು ಹಾಕುತ್ತಾ ಇಪ್ಪತ್ತೊಂದು ಕಿಲೋಮೀಟರ್ ಓಟ. ಎಲ್ಲ ಒಂದೇ ದಿನ, ಸಂಜೆ ಆರರೊಳಗೆ.

ಒದ್ದೆ ಕೂದಲು ಹಿಂಡಿಕೊಳ್ಳುತ್ತಾ ಅದನ್ನು ಎರಡು ಸಲ ಓದಿದೆ. ನೀರು ನನ್ನ ಹೊಳೆಯದು. ದಾರಿ ನನ್ನ ಬಸ್ಸಿನದು, ದುಡಿದ ವರ್ಷಗಳಷ್ಟೂ ಕಿಟಕಿಯ ಪಕ್ಕ ಕೂತು ನೋಡಿದ್ದು. ಓಡುವುದು ನನ್ನ ಮನೆಯ ಸುತ್ತ. ಮೂರೂ ನನ್ನವಾದ ಮೇಲೆ ಇನ್ಯಾರೋ ಬಂದು ಮಾಡಿ ಹೋಗುವುದೆಂದರೇನು?

ಜಾಹೀರಾತಿನಲ್ಲಿದ್ದ ನಂಬರಿಗೆ ಕರೆ ಮಾಡಿದಾಗ ಸಂಘಟಕ ಕೇಳಿದ: "ಹೆಸರು ಯಾರ್ದು ಬರ್ಕೊಳ್ಳಿರಿ? ಮಗಂದಾ?"

"ನಂದು."

ವಯಸ್ಸು ಹೇಳಿದೆ. ಅವನ ದನಿ ಅಜ್ಜಿಯೊಡನೆ ಮಾತಾಡುವಂತೆ ಮೆತ್ತಗಾಯಿತು. "ಆಯಿ, ಇದು ಭಾಳ ತ್ರಾಸಿನ ಕೆಲಸ ಐತ್ರಿ. ಅವತ್ತ ಮುಂಜಾನಿ ಹಿರಿಯರಿಗಂತ ಒಂದ್ ನಡಿಗೀನೂ ಇಟ್ಟೇವಿ. ಟೀ ಶರ್ಟೂ ಕೊಡ್ತೇವಿ."

"ಆ ನಡಿಗಿ ನಿಮ್ಮ ಅವ್ವಾರಿಗೆ ಹೇಳ್ರಿ. ನನ್ನ ಹೆಸರು ಮೂರಕ್ಕೂ ಬರ್ಕೋರಿ."

ಹೀಗೆ ಶುರುವಾಯಿತು. ಹಳೆಯದೊಂದು ಗೇರ್ ಸೈಕಲ್ ತಂದೆ. ಶನಿವಾರ ಬೆಳಿಗ್ಗೆ ತುಳಸಿಗೇರಿಯವರೆಗೆ ಓಡುತ್ತಿದ್ದೆ. ಮೊದಮೊದಲು ಓಟ ಕಡಿಮೆ, ನಡಿಗೆಯೇ ಹೆಚ್ಚು. ಹಣಮಪ್ಪನ ಗುಡಿಯ ಮುಂದೆ ಚಹಾ ಕುಡಿದು, ನಮ್ಮವರ ಸ್ಕೂಟರಿನ ಹಿಂದೆ ಕೂತು ಮನೆಗೆ ಬರುತ್ತಿದ್ದೆ. ಅವರು ಬೇಡವೆನ್ನಲಿಲ್ಲ, ಭೇಷ್ ಎನ್ನಲೂ ಇಲ್ಲ. ಇದೂ ಒಂದು ಹುಚ್ಚು, ತಾನೇ ಬಿಡುತ್ತದೆ ಎಂದುಕೊಂಡಿದ್ದರು. ಅಷ್ಟರಲ್ಲಿ ಬಾದಾಮಿಯ ಮಂಗ ಹಾರಿತು.

ಪಟ್ಟಿ ಹಾಕಿಸಿಕೊಂಡು ಮನೆಗೆ ಬಂದ ಮೂರನೆಯ ದಿನ ಇಲಕಲ್ಲಿನಿಂದ ನಾದಿನಿ ಬಂದಳು. ನಮ್ಮವರ ತಂಗಿ, ಅವರ ಮನೆಯಲ್ಲಿ ಮಗ್ಗಗಳಿವೆ, ಊರಿನಲ್ಲಿ ಮರ್ಯಾದೆಯ ಕುಟುಂಬ.

"ವೈನಿ, ದೇವರು ಎಚ್ಚರಿಕಿ ಕೊಟ್ಟಾನ್ರಿ ನಿಮಗ."

"ಅದು ದೇವರಲ್ಲವ್ವಾ, ಮಂಗ್ಯಾ."

"ಹಣಮಪ್ಪ ಅಂದ್ರ ಮತ್ತ ಯಾರು?"

"ಪ್ರತಿ ಶನಿವಾರ ಅವನ ಗುಡಿಗೇ ಓಡೇನಿ. ಅವ ನನ್ನ ಕೆಡವಂಗಿಲ್ಲ."

ಅವಳಿಗೆ ನಗು ಬಂತು, ಆದರೂ ಬಿಡಲಿಲ್ಲ. "ಏನರ ಮಾಡ್ರಿ. ಆ ಚಡ್ಡಿ ಹಾಕ್ಕೊಂಡು ಇಲಕಲ್ಲಿಗೆ ಮಾತ್ರ ಬರಬ್ಯಾಡ್ರಿ. ನಮ್ಮ ಓಣ್ಯಾಗ ನಾ ತಲಿ ಎತ್ತಿ ಅಡ್ಡಾಡಬೇಕು."

ಅದೇ ಸಂಜೆ ನಮ್ಮವರು ಸೈಕಲ್ಲನ್ನು ಹಿತ್ತಲ ಕೋಣೆಯಲ್ಲಿಟ್ಟು ಕೀಲಿ ಹಾಕಿದರು. ಕೀಲಿಕೈ ತಮ್ಮ ಕಿಸೆಯಲ್ಲಿ ಇಟ್ಟುಕೊಂಡರು. ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೈ ಕೊರಳಿಗೆ ಕಟ್ಟಿಕೊಂಡೇ ಬೆಳಿಗ್ಗೆ ಬೆಳಿಗ್ಗೆ ನಡೆದೆ. ನೋವು ಇಳಿದ ಮೇಲೆ ಹಾಗೆಯೇ ನಿಧಾನವಾಗಿ ಓಡಿದೆ. ಓಣಿಯವರು ಬಾಗಿಲಲ್ಲಿ ನಿಂತು ನೋಡಿದರು. ನೋಡಲಿ ಎಂದೇ ಎರಡು ಸುತ್ತು ಹೆಚ್ಚು ಹಾಕಿದೆ.

ಪಟ್ಟಿ ಬಿಚ್ಚಿಸಿಕೊಂಡು ಬಂದ ದಿನ ಅಡಿಗೆಮನೆಯಿಂದ ಕಬ್ಬಿಣದ ಕುಟ್ಟಾಣಿ ತೆಗೆದುಕೊಂಡು ಹಿತ್ತಲಿಗೆ ಹೋದೆ. ಬಲಗೈಯಲ್ಲಿ ಇನ್ನೂ ಬಲವಿರಲಿಲ್ಲ; ಎಡಗೈಯಿಂದಲೇ ಹೊಡೆದೆ. ನಾಲ್ಕನೆಯದೋ ಐದನೆಯದೋ ಪೆಟ್ಟಿಗೆ ಕೀಲಿ ಬಿಚ್ಚಿಕೊಂಡಿತು. ಸದ್ದಿಗೆ ನಮ್ಮವರು ಪೇಪರು ಕೈಯಲ್ಲಿ ಹಿಡಿದೇ ಬಂದರು.

"ಕೀಲಿಕೈ ಕೇಳಿದ್ರ ಕೊಡ್ತಿದ್ನಲ್ಲ."

"ಕೇಳೂದು ಬ್ಯಾಡಂತನ ಒಡದೆ."

ಅವರು ನೆಲಕ್ಕೆ ಬಿದ್ದಿದ್ದ ಕೀಲಿಯನ್ನೆತ್ತಿ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಹಿತ್ತಲ ಕಟ್ಟೆಯ ಮೇಲೆ ಕೂತರು. "ಬಾದಾಮ್ಯಾಗಿಂದ ಫೋನ್ ಬಂತಲ್ಲ, ಬಿದ್ದಾರ ಅಂತ ಅಷ್ಟ ಹೇಳಿದ್ರು. ಎಲ್ಲಿ, ಹೆಂಗ, ಜೀವ ಐತೋ ಇಲ್ಲೋ, ಏನೂ ಹೇಳಲಿಲ್ಲ. ಅಲ್ಲೀಮಟ ಬರೂ ದಾರಿ ನನಗಷ್ಟ ಗೊತ್ತು."

ಇಷ್ಟು ವರ್ಷಗಳಲ್ಲಿ ಅವರು ಒಂದೇ ಉಸಿರಿನಲ್ಲಿ ಅಷ್ಟು ಮಾತಾಡಿದ್ದು ಅಪರೂಪ. ನಾನು ಪಕ್ಕದಲ್ಲಿ ಕೂತೆ. ಅಂಜಿಕೆ ಅವರದು, ಅದು ಖರೆ. ಆದರೆ ಅವರ ಅಂಜಿಕೆಗೆ ನನ್ನ ಸೈಕಲ್ಲು ಕತ್ತಲಕೋಣೆಯಲ್ಲಿ ಇರಬೇಕೇ? ಅದನ್ನೇ ಹೇಳಿದೆ. "ನಿಮಗ ಅಂಜಿಕಿ ಬಂದ್ರ ಸ್ಕೂಟರ್ ತಗೊಂಡು ಹಿಂದ ಬರ್ರಿ. ಕೀಲಿ ಹಾಕಬ್ಯಾಡ್ರಿ."

ಮರುದಿನ ಬಂದರು. ಆವತ್ತಿನಿಂದ ಬಾದಾಮಿಯ ದಾರಿಯಾಗಲಿ, ಕಮತಗಿಯ ದಾರಿಯಾಗಲಿ, ನನ್ನ ಹಿಂದೆ ಸ್ಕೂಟರಿನ ಗುರುಗುಟ್ಟುವಿಕೆ ಇದ್ದೇ ಇರುತ್ತಿತ್ತು. ಬಾಳೆಹಣ್ಣು ಅವರ ಡಿಕ್ಕಿಯಲ್ಲಿರುತ್ತಿತ್ತು.

ಸ್ಪರ್ಧೆಯ ದಿನ ಹಿನ್ನೀರಿನ ದಡದಲ್ಲಿ ಚಳಿ. ಸುತ್ತ ನಿಂತವರೆಲ್ಲ ಹುಡುಗರು, ನಡುವಯಸ್ಸಿನ ಗಂಡಸರು, ಬೇರೆ ಬೇರೆ ಊರಿನಿಂದ ಬಂದ ಕೆಲವು ಹುಡುಗಿಯರು. ಮೈಕಿನಲ್ಲಿ ಫೋನಿನ ಅದೇ ಸಂಘಟಕ ಕೂಗುತ್ತಿದ್ದ: "ನಮ್ಮೆಲ್ಲರ ಆಯಿ ಬಂದಾರ! ಎಲ್ಲಾರೂ ಚಪ್ಪಾಳಿ ಹೊಡೀರಿ!" ನೀರಿಗಿಳಿಯುವ ಮೊದಲೇ ಚಪ್ಪಾಳೆ ಯಾತಕ್ಕೆ ಎಂದು ನನಗೆ ರೇಗಿತು. ಆ ಸಿಟ್ಟಿನಲ್ಲೇ ನೀರಿಗಿಳಿದೆ.

ಮೊದಲ ತಿರುವಿನವರೆಗೆ ಚೆನ್ನಾಗಿಯೇ ಹೋಯಿತು. ಆಮೇಲೆ ಉಳಿದವರೆಲ್ಲ ಮುಂದೆ ಹೋಗಿ, ನೀರು ಇದ್ದಕ್ಕಿದ್ದಂತೆ ದೊಡ್ಡದಾಗಿ ಕಂಡಿತು. ಕೆಳಗಿನಿಂದ ಜೊಂಡೋ ಬಳ್ಳಿಯೋ ಏನೋ ಬಂದು ಕಾಲಿಗೆ ಸುತ್ತಿಕೊಂಡಿತು. ಕಾಲು ಝಾಡಿಸಿದೆ. ಬಾಯೊಳಗೆ ನೀರು ಹೋಯಿತು. ಎದೆ ಹೊಡೆದುಕೊಳ್ಳತೊಡಗಿ, ಎತ್ತಹೋದರೆ ಕೈ ಏಳುತ್ತಿಲ್ಲ, ಉಸಿರು ಸಿಗುತ್ತಿಲ್ಲ. ಈ ನೀರಿನ ಅಡಿ ಎಲ್ಲೋ ಓಣಿಗಳಿವೆ, ಬಾಗಿಲಿಲ್ಲದ ಮನೆಗಳಿವೆ ಎಂಬ ವಿಚಾರ ಬರಬಾರದ ಹೊತ್ತಿನಲ್ಲೇ ಬಂತು. ಕಾವಲಿಗಿದ್ದ ತೆಪ್ಪದವನು ಹತ್ತಿರ ಬಂದು ಕೋಲು ಚಾಚಿದ.

"ಹಿಡ್ಕೋರಿ ಯವ್ವಾ. ಮ್ಯಾಲ ಬರ್ತೀರೇನು?"

ಹಿಡಿದುಕೊಂಡು ದಣಿವಾರಿಸಿಕೊಳ್ಳಬಹುದು, ನಿಯಮದಲ್ಲಿ ಅದಕ್ಕೆ ಅಡ್ಡಿಯಿಲ್ಲ. ಆದರೆ ಆ ಕೋಲು ಹಿಡಿದರೆ ತೆಪ್ಪ ಹತ್ತಿಯೇ ಬಿಡುತ್ತೇನೆಂದು ನನಗೆ ಗೊತ್ತಿತ್ತು. "ಬ್ಯಾಡ, ಇಲ್ಲೇ ಇರು" ಎಂದು ಹೇಳಿ ಅಂಗಾತ ಮಲಗಿದೆ. ಕಿವಿ ಎರಡೂ ನೀರೊಳಗೆ ಮುಳುಗಿ ಲೋಕದ ಸದ್ದೆಲ್ಲ ನಿಂತಿತು. ಮೇಲೆ ಆಗತಾನೇ ಬೆಳ್ಳಗಾಗುತ್ತಿದ್ದ ಆಕಾಶ. ಉಸಿರು ಒಂದೊಂದಾಗಿ ತಿರುಗಿ ಬಂತು. ಕಾಲಿನ ಬಳ್ಳಿಯನ್ನು ಕೈಯಿಂದ ಬಿಡಿಸಿ ಎಸೆದು ಬೋರಲಾಗಿ ಈಸಿದೆ. ದಡಕ್ಕೆ ಬಂದವರಲ್ಲಿ ನಾನೇ ಕಡೆಯವಳು. ಆದರೂ ನನ್ನ ಕಾಲ ಮೇಲೆ ನಾನೇ ದಡ ಹತ್ತಿದೆ.

ಸೈಕಲ್ಲಿನ ದಾರಿಯಲ್ಲಿ ಮನಸ್ಸು ಹಗುರಾಯಿತು. ಕಮತಗಿಯಲ್ಲಿ ಚಹಾದಂಗಡಿಯ ಮುಂದಿನವರು ಗ್ಲಾಸು ಹಿಡಿದೇ ಎದ್ದು ನಿಂತರು. ಅಮೀನಗಡ ದಾಟುವಾಗ ಕಿಸೆಯಿಂದ ಅದೇ ಊರಿನ ಕರದಂಟು ತೆಗೆದು ಬಾಯಿಗೆ ಹಾಕಿಕೊಂಡೆ. ಅಂಟು, ಬೆಲ್ಲ, ಗೋಡಂಬಿ ಹಲ್ಲಿಗೆ ಮೆತ್ತಿಕೊಂಡು ಮುಂದಿನ ಏರಿನವರೆಗೆ ಬಂದವು. ಹುನಗುಂದದಲ್ಲಿ ನಮ್ಮ ಕಚೇರಿಯ ಹಳೇ ಸಿಪಾಯಿ ರಸ್ತೆಯ ಬದಿ ನಿಂತಿದ್ದ. ನನ್ನ ಗುರುತು ಹಿಡಿದು ದೊಡ್ಡ ದನಿಯಲ್ಲಿ ಕೂಗಿದ: "ಮೇಡಂ, ಬಸ್ ತಪ್ಪಿತೇನ್ರಿ?"

"ಬಿಟ್ಟೇ ಬಂದೇನಿ!" ಎಂದು ನಾನೂ ಕೂಗಿದೆ. ಮುಂದೆ ಅರ್ಧ ಮೈಲು ಒಬ್ಬಳೇ ನಗುತ್ತಾ ಹೋದೆ.

ಇಲಕಲ್ಲಿನ ತಿರುವಿನಲ್ಲಿ ನಾದಿನಿ ನಿಂತಿದ್ದಳು. ಒಬ್ಬಳೇ ಅಲ್ಲ, ಓಣಿಯ ಏಳೆಂಟು ಹೆಂಗಸರನ್ನು ಕರೆದುಕೊಂಡು ಬಂದಿದ್ದಳು. ತಲೆಯ ಮೇಲಿನ ಸೆರಗು ಹಿಡಿದುಕೊಂಡು ನನ್ನ ಮೊಣಕಾಲಿನವರೆಗಿನ ಕರಿ ಚಡ್ಡಿಯನ್ನು ನೋಡಿದಳು, ಕೆಸರು ಮೆತ್ತಿದ ಮೀನಖಂಡ ನೋಡಿದಳು.

"ಎಲ್ಲಾರೂ ನೋಡಾಕತ್ತಾರ ವೈನಿ" ಎಂದಳು ಸಣ್ಣ ದನಿಯಲ್ಲಿ.

"ನೋಡ್ಲಿ ಬಿಡು. ಅರವತ್ತು ಕಿಲೋಮೀಟರ್ ಆಗೇತಿ, ಪುಕ್ಕಟೆ ತೋರಸಾಕತ್ತಿಲ್ಲ."

ಹೆಂಗಸರು ಗೊಳ್ಳೆಂದು ನಕ್ಕರು. ನಾದಿನಿ ನಗದಿರಲು ಬಹಳ ಪ್ರಯತ್ನಪಟ್ಟಳು. ನಾನು ತಿರುಗಿ ಹೊರಟ ಮೇಲೆ ಹಿಂದಿನಿಂದ ಅವಳ ದನಿ ಕೇಳಿಸಿತು: "ಸಾವಕಾಶ ಹೋಗ್ರಿ! ಮಂಗ್ಯಾ ಇದ್ದಾವು!"

ವಾಪಸು ಬರುವಾಗ ಗಾಳಿ ಎದುರಾಯಿತು. ಬಿಸಿಲು ನೆತ್ತಿಗೆ ಬಂದಿತ್ತು. ಮುರಿದು ಕೂಡಿದ್ದ ಮುಂಗೈ ಜುಮುಗುಟ್ಟುತ್ತಾ ಹ್ಯಾಂಡಲ್ ಹಿಡಿಯಲಾರದಾಯಿತು. ಒಂದೇ ಕೈಯಲ್ಲಿ ಎಷ್ಟೋ ದೂರ ತುಳಿದೆ. ಜೋಳದ ಹೊಲಗಳ ನಡುವಿನ ಆ ಏರಿನಲ್ಲಿ ಬಸ್ಸು ಗೇರು ಬದಲಿಸುತ್ತಿದ್ದ ಜಾಗ ನನಗೆ ಗೊತ್ತಿತ್ತು. ಅಲ್ಲೇ ನಾನೂ ಬದಲಿಸಿದೆ. ಓಟಕ್ಕೆ ಇಳಿಯಲು ಇಟ್ಟಿದ್ದ ಗಡುವಿಗೆ ಸ್ವಲ್ಪ ಹೊತ್ತು ಇರುವಂತೆಯೇ ನವನಗರದ ಮೈದಾನ ಮುಟ್ಟಿದೆ.

ಸೈಕಲ್ ಇಳಿಯುತ್ತಿದ್ದಂತೆ ಸಂಘಟಕ ಓಡಿ ಬಂದ. ಅವನ ಹಿಂದೆ ಶಾಮಿಯಾನ, ವೇದಿಕೆ, ಸೋಫಾದ ಮೇಲೆ ಬಿಳಿ ಬಟ್ಟೆಯ ಮುಖ್ಯ ಅತಿಥಿ.

"ಬರ್ರಿ ಆಯಿ, ಸ್ಟೇಜಿಗೆ ಬರ್ರಿ. ಸಾಹೇಬ್ರು ಹೊಂಟು ನಿಂತಾರ. ಲಗೂನ ಸನ್ಮಾನ ಮುಗಿಸಿ ಬಿಡೂಣು."

"ಓಟ ಬಾಕಿ ಐತಲ್ಲ."

"ಓಟ ಬಿಡ್ರಿ ಆಯಿ. ಈ ವಯಸ್ಸಿನ್ಯಾಗ ಇಷ್ಟ್ ಮಾಡಿದ್ದ ಭಾಳ ಆತು. ಪದಕಾನೂ ಸ್ಟೇಜ್ ಮ್ಯಾಲೇ ಹಾಕಸ್ತೇವಿ."

"ಓಡದವರಿಗೆಲ್ಲಾ ಪದಕ ಹಾಕ್ತೀರೇನು?"

"ಇಲ್ಲಿಲ್ರಿ, ನಿಮಗ ವಯಸ್ಸಿನ ಮ್ಯಾಲ..."

ಅವನು ಕೆಟ್ಟ ಮನುಷ್ಯನಲ್ಲ. ಮುಖದಲ್ಲಿ ನಿಜವಾದ ಖುಷಿಯಿತ್ತು. ಆದರೆ ಬೆಳಿಗ್ಗೆಯಿಂದ ನೀರು, ಗಾಳಿ, ಬಿಸಿಲು ಯಾವುದೂ ಮಾಡದಿದ್ದ ಕೆಲಸವನ್ನು ಆ ಮಾತು ಮಾಡಿತು. ನನ್ನ ಕಣ್ಣಲ್ಲಿ ನೀರು ಬಂತು. ನಿಲ್ಲಿಸುವವರು ಬೈದು ನಿಲ್ಲಿಸಿದರೆ ತಿರುಗಿ ಬೀಳಬಹುದು. ಹಾರ ಹಿಡಿದು ನಿಲ್ಲಿಸುವವರಿಗೆ ಏನು ಮಾಡುವುದು? ಕಚೇರಿಯ ಬೀಳ್ಕೊಡುಗೆಯ ದಿನ ತಲೆ ಬಾಗಿಸಿ ಶಾಲು ಹೊದ್ದುಕೊಂಡಿದ್ದೆ. ಎರಡನೇ ಸಲ ಬಾಗುವುದಿಲ್ಲ ಎಂದುಕೊಂಡೆ.

"ವಯಸ್ಸಿಗೆ ಪದಕ ಕೊಡೂದಿದ್ರ ಆ ಬೇವಿನ ಗಿಡಕ್ಕ ಹಾಕ್ರಿ" ಎಂದೆ. "ನನಗಿಂತ ಹಿರೀದೈತಿ."

ನೆಲದ ಮೇಲೆ ಕೂತು ಓಟದ ಬೂಟು ಏರಿಸತೊಡಗಿದೆ. ಅಷ್ಟರಲ್ಲಿ ಅತಿಥಿಯೇ ವೇದಿಕೆ ಇಳಿದು ಶಾಲು ಹಿಡಿದುಕೊಂಡು ಬಂದರು. ಫೋಟೋದವರು ಸುತ್ತ ಸೇರಿದರು. ನಾನು ಎದ್ದು ಕೈ ಮುಗಿದೆ.

"ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ. ಕೆಲಸ ಅರ್ಧಾ ಆಗೇತಿ. ಸಂಜಿಮಟ ಇದ್ರ ಮುಗಿಸಿ ಬಂದು ಹೊಚ್ಕೋತೇನಿ."

ಅವರು ಶಾಲನ್ನು ಮತ್ತೆ ಮಡಚಿಕೊಂಡರು. "ಆತ್ರಿ, ಆತ್ರಿ" ಎಂದರು. ನಾನು ಹಗ್ಗದ ಕೆಳಗೆ ತೂರಿ ರಸ್ತೆಗೆ ಬಿದ್ದೆ. ಗುಂಪಿನ ಅಂಚಿನಲ್ಲಿ ನಮ್ಮವರು ಎರಡೂ ಕೈಯಿಂದ ಚಪ್ಪಾಳೆ ಹೊಡೆಯುತ್ತಾ ನಗುತ್ತಿದ್ದರು.

ಸಿಟ್ಟಿನ ಬಲ ಎರಡು ಸುತ್ತಿಗೆ ಸಾಕಾಯಿತು. ಆಮೇಲೆ ಉಳಿದದ್ದು ನಾನೊಬ್ಬಳೇ. ಬಲತೊಡೆ ಹಿಡಿದುಕೊಂಡು ಕಾಲು ಕಟ್ಟಿಗೆಯಾಯಿತು. ಫುಟ್‌ಪಾತಿನ ಮೇಲೆ ಕೂತು ತೊಡೆಗೆ ಗುದ್ದಿಕೊಂಡೆ, ನೀರು ಸುರುವಿಕೊಂಡೆ, ಮತ್ತೆ ಎದ್ದೆ. ಓಟ ಎಂದು ಹೇಳಿದರೂ ಬಹಳ ದೂರ ಅದು ನಡಿಗೆಗಿಂತ ಒಂದು ಕೂದಲು ಹೆಚ್ಚು. ನನ್ನನ್ನು ದಾಟಿ ಹೋಗುತ್ತಿದ್ದವರು ಕಡಿಮೆಯಾಗುತ್ತಾ ಬಂದರು. ಕೊನೆಯ ಸುತ್ತಿನಲ್ಲಿ ರಸ್ತೆಯಲ್ಲಿ ಸ್ಪರ್ಧಿಯೆಂದು ಉಳಿದವಳು ನಾನೊಬ್ಬಳೇ. ಮುಂದೆ ಎಮ್ಮೆಗಳು, ತರಕಾರಿ ಗಾಡಿ, ಟ್ಯೂಷನ್ನಿನಿಂದ ಬರುವ ಮಕ್ಕಳು.

ಅಷ್ಟರಲ್ಲಿ ಎದುರು ಬದಿಯ ಫುಟ್‌ಪಾತಿನಲ್ಲಿ ನಮ್ಮವರು ಕಂಡರು. ಸ್ಕೂಟರು ಬಿಟ್ಟು, ಚಪ್ಪಲಿಯಲ್ಲೇ, ನನ್ನ ವೇಗಕ್ಕೆ ಸರಿಯಾಗಿ ನಡೆದು ಬರುತ್ತಿದ್ದರು. ಸ್ಪರ್ಧಿಗೆ ಹೊರಗಿನವರು ನೆರವಾಗಬಾರದು ಎಂದು ಯಾರೋ ಹೇಳಿದ್ದರಂತೆ, ಅದಕ್ಕೇ ರಸ್ತೆ ದಾಟಿ ಈ ಕಡೆ ಬಂದಿರಲಿಲ್ಲ.

"ಕಾಲು ಹೆಂಗದಾವು?" ಎಂದು ಅಲ್ಲಿಂದಲೇ ಕೇಳಿದರು.

"ಅದಾವು."

"ಅಷ್ಟ ಸಾಕು. ನಡಿ."

ಮೈದಾನಕ್ಕೆ ತಿರುಗಿದಾಗ ಶಾಮಿಯಾನ ಬಿಚ್ಚಿ ಮಡಚುತ್ತಿದ್ದರು. ಸೋಫಾ ಟೆಂಪೋ ಏರಿತ್ತು, ಮೈಕು ಸುಮ್ಮನಾಗಿತ್ತು. ಕಮಾನಿನ ಕೆಳಗೆ ಒಂದೇ ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಸಮಯ ಬರೆದುಕೊಳ್ಳುವ ಹೆಣ್ಣುಮಗಳು. ಯಾವುದೋ ಕಾಲೇಜಿನ ವ್ಯಾಯಾಮ ಶಿಕ್ಷಕಿಯಂತೆ. ನನ್ನನ್ನು ಕಂಡು ಎದ್ದು ನಿಂತು ಗಡಿಯಾರ ಎತ್ತಿ ಹಿಡಿದಳು.

"ಟೈಮ್ ಐತ್ರಿ ಮೇಡಂ! ಇನ್ನೂ ಐತಿ! ಓಡ್ರಿ!"

ಸ್ಪರ್ಧೆ ನಡೆಸುವವರಲ್ಲಿ ನನ್ನನ್ನು ಆಯಿ, ಯವ್ವಾ ಎನ್ನದವಳು ಅವಳೊಬ್ಬಳು. ನಿಜವಾಗಿಯೂ ಓಡಿದೆ. ಎಲ್ಲಿತ್ತೋ ಆ ಕಸುವು, ತೊಡೆ ನೋವು ಮರೆತು, ಬಾಯಿ ತೆರೆದು, ಮುಖ ಹೇಗೆ ಕಾಣುತ್ತಿದೆಯೆಂಬ ಪರಿವೆಯಿಲ್ಲದೆ ಓಡಿ ಗೆರೆ ದಾಟಿದೆ. ಆರಕ್ಕೆ ಇನ್ನೂ ಕೆಲವು ನಿಮಿಷ ಇದ್ದವು. ಅವಳು ಸಮಯ ಬರೆದುಕೊಂಡು, ರಟ್ಟಿನ ಡಬ್ಬಿಯಿಂದ ಪದಕ ತೆಗೆದು ಕೊರಳಿಗೆ ಹಾಕಿ ಕೈ ಕುಲುಕಿದಳು. ಭಾಷಣ ಮಾಡಲಿಲ್ಲ. ಸಂಘಟಕ ಟೆಂಪೋದ ಹಿಂದಿನಿಂದ ಬಂದು ಸ್ವಲ್ಪ ದೂರದಲ್ಲೇ ನಿಂತ. "ಖರೇನ ಮುಗಿಸಿದ್ರಲ್ರಿ" ಎಂದ. ಹೌದೆಂದು ತಲೆಯಾಡಿಸಿದೆ. ನೆಲದ ಮೇಲೆ ಉದ್ದಕ್ಕೆ ಮಲಗಿಬಿಟ್ಟೆ. ನಮ್ಮವರು ಬಂದು ನನ್ನ ಬೂಟಿನ ಲೇಸು ಬಿಚ್ಚಿದರು. ಅವರ ಚಪ್ಪಲಿಯೊಳಗೆ ಹಿಮ್ಮಡಿ ಕೆಂಪಾಗಿ ಗುಳ್ಳೆಯೆದ್ದಿತ್ತು.

ಮರುದಿನ ಮೆಟ್ಟಿಲು ಇಳಿಯಲಾಗದೆ ಹಿಂದುಮುಂದಾಗಿ, ಪಕ್ಕದ ಕಂಬಿ ಹಿಡಿದು ಇಳಿಯುತ್ತಿದ್ದೆ. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಕೇಳಿದಳು: "ಎಷ್ಟನೇದವರಾಗಿ ಬಂದ್ರಿ?"

"ಎಲ್ಲಾರ್ಗಿಂತಾ ಕಡೇದಾಕಿ."

"ಅಯ್ಯ, ಅಷ್ಟ ಕಷ್ಟಪಟ್ಟು ಕಡೇಕ?"

"ಹೌದ್ರಿ. ಎಲ್ಲಾರೂ ಮನಿಗೆ ಹೋಗಿ ಚಹಾ ಕುಡಿಯೂ ಹೊತ್ತಿನ್ಯಾಗ ನಾ ಇನ್ನೂ ಓಡಾಕತ್ತಿದ್ದೆ. ಅಷ್ಟೊತ್ತು ಓಡೂದು ಅವರ ಕಡಿಂದ ಆಗಲಿಲ್ಲ."

ಆಕೆ ಅದನ್ನು ಲೆಕ್ಕ ಹಾಕುತ್ತಾ ನಿಂತಳು. ನಾನು ಇನ್ನೊಂದು ಮೆಟ್ಟಿಲು ಇಳಿದೆ.